ಆನೆಗೊಂದಿ ಬಂಡೆಯ ಯುರೇನಿಯಂ ಸೀಸವಾಗುವ ಲೆಕ್ಕ

ಗಂಗಾವತಿಯಿಂದ ಆನೆಗೊಂದಿಗೆ ಹೋಗುವಾಗ ಕಾಣುವ ಗ್ರಾನೈಟ್ ಗುಡ್ಡಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಎಲ್ಲ ಗ್ರಾನೈಟಿನಂತೆ ಇವುಗಳಲ್ಲೂ ತೀರಾ ಅಲ್ಪ ಪ್ರಮಾಣದ ಯುರೇನಿಯಂ ಇದೆ. ಅದು ಈಗಲೂ ಒಂದೊಂದೇ ಪರಮಾಣುವಾಗಿ ಸೀಸದತ್ತ ಸಾಗುತ್ತಿದೆ. ಈ ದಾರಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯಲು ಕೂಡುವುದು, ಕಳೆಯುವುದು ಬಂದರೆ ಸಾಕು.

ಮೊದಲು ಯುರೇನಿಯಮ್ಮಿನ ಎರಡು ಅಂಕಿ ಬರೆದುಕೊಳ್ಳಿ: ಮೇಲೆ 238, ಕೆಳಗೆ 92. ಕೆಳಗಿನದು ನ್ಯೂಕ್ಲಿಯಸ್‌ನಲ್ಲಿರುವ ಪ್ರೋಟಾನ್‌ಗಳ ಸಂಖ್ಯೆ, ಮೇಲಿನದು ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿದ್ದು. ಧಾತು ಯಾವುದೆಂದು ಹೇಳುವುದು ಕೆಳಗಿನ ಅಂಕಿ ಮಾತ್ರ.

ನ್ಯೂಕ್ಲಿಯಸ್ ತಾನಾಗಿಯೇ ಕಣ ಹೊರಹಾಕಿ ಬದಲಾಗುವುದೇ ಕ್ಷಯ. ಈಗ ಆಲ್ಫಾ ಕ್ಷಯ. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಒಟ್ಟಾಗಿ ಹೊರಬೀಳುತ್ತವೆ. ಮೇಲೆ 4, ಕೆಳಗೆ 2 ಕಳೆಯಿರಿ. 234, 90 ಬಂತು. 90 ಎಂದರೆ ಥೋರಿಯಂ.

ಮುಂದಿನದು ಬೀಟಾ. ವಿದ್ಯಾರ್ಥಿಗಳು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಹೊರಬರುವ ಎಲೆಕ್ಟ್ರಾನ್ ಪರಮಾಣುವಿನ ಕವಚದಿಂದ ಕಿತ್ತು ಬಂದದ್ದಲ್ಲ. ನ್ಯೂಕ್ಲಿಯಸ್‌ನೊಳಗೂ ಅದು ಮೊದಲೇ ಇರಲಿಲ್ಲ. ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುವ ಗಳಿಗೆಯಲ್ಲಿ ಹುಟ್ಟಿ, ಆಂಟಿನ್ಯೂಟ್ರಿನೊ ಎಂಬ ಇನ್ನೊಂದು ಕಣದೊಂದಿಗೆ ಹೊರಗೆ ಹಾರುತ್ತದೆ. ನ್ಯೂಟ್ರಾನ್ ಒಂದು ಕಡಿಮೆ, ಪ್ರೋಟಾನ್ ಒಂದು ಹೆಚ್ಚು. ಹಾಗಾಗಿ ಮೇಲಿನ ಅಂಕಿ ಕದಲದು, ಕೆಳಗಿನದಕ್ಕೆ 1 ಕೂಡಿಸಬೇಕು. ಥೋರಿಯಂ-234 (ಹೆಸರಿನ ಮುಂದಿನದು ಮೇಲಿನ ಅಂಕಿ) ಹೀಗೆ ಪ್ರೊಟ್ಯಾಕ್ಟಿನಿಯಂ-234 ಆಗುತ್ತದೆ. ಇನ್ನೊಂದು ಬೀಟಾ ಆದರೆ ಕೆಳಗೆ ಮತ್ತೆ 92! ಯುರೇನಿಯಮ್ಮೇ ಮರಳಿ ಬಂತು, ನಾಲ್ಕು ನ್ಯೂಟ್ರಾನ್ ಕಳೆದುಕೊಂಡು. ಇಡೀ ಸರಣಿಯಲ್ಲಿ ನನಗೆ ಅತಿ ಇಷ್ಟವಾದ ತಿರುವು ಇದು.

ಗಾಮಾದಲ್ಲಿ ಯಾವ ಅಂಕಿಯೂ ಬದಲಾಗದು; ನ್ಯೂಕ್ಲಿಯಸ್ ಹೆಚ್ಚುವರಿ ಶಕ್ತಿಯನ್ನಷ್ಟೇ ಹೊರಹಾಕುತ್ತದೆ.

ಸರಣಿ ನಿಲ್ಲುವುದು ಸೀಸ-206ರಲ್ಲಿ. ನಡುವಿನ ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಮೇಲಿನ ಅಂಕಿಯನ್ನು ಇಳಿಸುವುದು ಆಲ್ಫಾ ಒಂದೇ: 238ರಲ್ಲಿ 206 ಕಳೆದರೆ 32, ನಾಲ್ಕರಿಂದ ಭಾಗಿಸಿದರೆ 8 ಆಲ್ಫಾ. ಅಷ್ಟು ಆಲ್ಫಾಗಳು 16 ಪ್ರೋಟಾನ್ ಒಯ್ದರೆ ಕೆಳಗೆ 76 ಉಳಿಯಬೇಕಿತ್ತು. ಸೀಸದ್ದು 82. ಕೊರತೆಯ ಆರನ್ನು ತುಂಬಿದ್ದು 6 ಬೀಟಾ.

ಬಂಡೆಯ ವಯಸ್ಸು ತಿಳಿಯುವುದೂ ಇದರಿಂದಲೇ. ಗ್ರಾನೈಟಿನಲ್ಲಿರುವ ಜಿರ್ಕಾನ್ ಹರಳು ರೂಪುಗೊಳ್ಳುವಾಗ ಯುರೇನಿಯಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಹಾಗಾಗಿ ಈಗ ಅದರಲ್ಲಿ ಸಿಗುವ ಸೀಸ-206 ಹೆಚ್ಚುಕಡಿಮೆ ಕ್ಷಯದಿಂದಲೇ ಬಂದದ್ದು. ಯುರೇನಿಯಂ-238ರ ಅರ್ಧಾಯು, ಅಂದರೆ ಅದರ ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಬೇಕಾದ ಕಾಲ, ಸುಮಾರು 447 ಕೋಟಿ ವರ್ಷ. 250 ಕೋಟಿ ವರ್ಷದ ಹರಳಿನಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಯುರೇನಿಯಂ-238 ಇನ್ನೂ ಉಳಿದಿರುತ್ತದೆ.

ಅದೇ ಬಂಡೆಯಲ್ಲಿ ಥೋರಿಯಂ-232 ಕೂಡ ಇದೆ. ಅದರ ಪ್ರೋಟಾನ್ 90, ಕೊನೆ ಸೀಸ-208. ನೀವೇ ಲೆಕ್ಕ ಹಾಕಿ. ಆರು ಆಲ್ಫಾ, ನಾಲ್ಕು ಬೀಟಾ ಬರಬೇಕು.