ಜೀವನಾಂಶದ ಆದೇಶ ಬದಲಿಸುವ ಅರ್ಜಿ: ನಾನು ಸಿದ್ಧಪಡಿಸುವ ಬಗೆ

"ಸರ್, ಕೆಲಸ ಹೋಗಿದೆ, ಈ ತಿಂಗಳಿಂದ ಜೀವನಾಂಶ ನಿಲ್ಲಿಸಬಹುದಲ್ವಾ?" ಎನ್ನುವ ಕಕ್ಷಿದಾರರಿಗೆ ನನ್ನ ಉತ್ತರ ಒಂದೇ: ನಿಲ್ಲಿಸಬೇಡಿ. ಪರಿಸ್ಥಿತಿ ಬದಲಾಯಿತೆಂದು ಆದೇಶ ತಾನಾಗಿ ಬದಲಾಗದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಜೀವನಾಂಶದ ಮೊತ್ತ ಬದಲಿಸುವ 127ನೇ ಕಲಂ ಇತ್ತಲ್ಲ, 2024ರ ಜುಲೈ 1ರಿಂದ ಅದು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 146ನೇ ಕಲಂ. ಅದರಡಿ ಹೊಸ ಆದೇಶ ಬರುವವರೆಗೆ ಹಳೆಯ ಮೊತ್ತದ ಬಾಕಿ ಬೆಳೆಯುತ್ತಲೇ ಇರುತ್ತದೆ. ಕಟ್ಟದ್ದಕ್ಕೆ ಜೈಲಿಗೆ ಹೋಗಿಬಂದರೂ ಬಾಕಿ ತೀರದು. ಸುಪ್ರೀಂ ಕೋರ್ಟ್ 1989ರಲ್ಲೇ ಹಾಗೆಂದಿದೆ. ಪೂರ್ತಿ ಆಗದಿದ್ದರೆ ಆದಷ್ಟನ್ನಾದರೂ ಬ್ಯಾಂಕ್ ಮೂಲಕವೇ ಕಟ್ಟಿಸುತ್ತೇನೆ, "ಮಾರ್ಚ್ ಜೀವನಾಂಶ" ಎಂದು ಷರಾ ಬರೆಸಿ. ಕೈಗೆ ಕೊಟ್ಟ ನಗದು, ಹಬ್ಬಕ್ಕೆ ಕೊಡಿಸಿದ ಬಟ್ಟೆ ಲೆಕ್ಕಕ್ಕೆ ಬರುವುದು ಕಷ್ಟ.

ಅರ್ಜಿಯ ಜೀವ ಹೋಲಿಕೆಯಲ್ಲಿದೆ. ಮೊದಲು ಮೂಲ ಆದೇಶದ ದೃಢೀಕೃತ ನಕಲು ತೆಗೆಸಿ, ಆಗ ನ್ಯಾಯಾಧೀಶರು ಯಾವ ಅಂಕಿಯನ್ನು ನಂಬಿದ್ದರೋ ಅದಕ್ಕೆ ಗೆರೆ ಎಳೆಯುತ್ತೇನೆ. ಆಮೇಲೆ ಒಂದೇ ಹಾಳೆ: ಎಡಕ್ಕೆ ಆದೇಶದ ದಿನದ ಸ್ಥಿತಿ, ಬಲಕ್ಕೆ ಇವತ್ತಿನದು. ಉದಾಹರಣೆಗೆ, ಆಗ ಸಂಬಳ 48,000, ಈಗ 31,000. ಆಗ ಮಗು ಅಂಗನವಾಡಿಯಲ್ಲಿ, ಈಗ ನಾಲ್ಕನೇ ತರಗತಿಯಲ್ಲಿ. ಹೌದು, ನಮಗೆ ವಿರುದ್ಧವಾದ ಸಾಲೂ ಇರಲಿ. ಅದನ್ನು ಮುಚ್ಚಿಟ್ಟರೆ ಪಾಟೀ ಸವಾಲಿನಲ್ಲಿ ಹೇಗೂ ಹೊರಬರುತ್ತದೆ. ಪ್ರತಿ ಸಾಲಿಗೂ ಒಂದು ದಾಖಲೆ: ಸಂಬಳದ ಚೀಟಿ, ಫಾರಂ 16, ಫೀಸಿನ ರಸೀದಿ. ಜೊತೆಗೆ ಆಸ್ತಿ–ಹೊಣೆಗಳ ಅಫಿಡವಿಟ್. ಅದನ್ನು ಕಡ್ಡಾಯ ಮಾಡಿದ ಸುಪ್ರೀಂ ಕೋರ್ಟಿನ 2020ರ ರಜನೇಶ್–ನೇಹಾ ತೀರ್ಪು ಬಂದ ಮೇಲೆ ಅದಿಲ್ಲದೆ ನಾನು ಕೋರ್ಟಿಗೆ ಹೋಗುವುದಿಲ್ಲ.

ಬಿದ್ದುಹೋಗುವ ಅರ್ಜಿಗಳಿಗೆ ಕಾರಣಗಳು ಹೆಚ್ಚುಕಡಿಮೆ ಅವೇ. ತಾನೇ ರಾಜೀನಾಮೆ ಕೊಟ್ಟು ಆದಾಯವಿಲ್ಲ ಎನ್ನುವುದು. ಹೊಸ ಕಾರಿನ ಕಂತು ತೋರಿಸಿ ಕೈಗೆ ಬರುವ ಸಂಬಳ ಕಡಿಮೆ ಎನ್ನುವುದು. ಇನ್ನೊಂದು, ಆದೇಶಕ್ಕೆ ಮುಂಚೆಯೇ ಇದ್ದ ಸಂಗತಿಯನ್ನು ಮತ್ತೆ ಎತ್ತುವುದು. ಅದಕ್ಕೆ ದಾರಿ ಮೇಲಿನ ಕೋರ್ಟ್, 146 ಅಲ್ಲ.

ಮೊತ್ತ ಏರಿಸಿಕೊಳ್ಳಬೇಕಾದ ಹೆಂಡತಿಯ ಪರವಾಗಿಯೂ ಹಾಳೆ ಇದೇ. ಆದರೆ ಬಾಕಿ ಇದ್ದರೆ ವಸೂಲಿ ಅರ್ಜಿಯನ್ನು ಬೇರೆಯಾಗಿ, ಮೊದಲೇ ಹಾಕುತ್ತೇನೆ: ಮೊತ್ತ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಬಿಎನ್‌ಎಸ್‌ಎಸ್‌ನ 144ನೇ ಕಲಮಿನಡಿ ವಸೂಲಿ ವಾರಂಟ್ ಸಿಗದು.

ಎಲ್ಲಕ್ಕಿಂತ ದುಬಾರಿ ಬಾಯಿಮಾತಿನ ಒಪ್ಪಂದ. ಮಗು ಅಪ್ಪನ ಮನೆಗೆ ಬಂದಿತು, "ಇನ್ನು ದುಡ್ಡು ಬೇಡ" ಎಂದು ತಾಯಿ ಹೇಳಿದರು ಎನ್ನಿ. ಅದೇ ವಾರ ಜಂಟಿ ಮೆಮೊಗೆ ಇಬ್ಬರ ಸಹಿ ಹಾಕಿಸಿ, ಅರ್ಜಿಯೊಂದಿಗೆ ಕೋರ್ಟಿಗೆ ಕೊಟ್ಟು ಆದೇಶ ತಿದ್ದಿಸುತ್ತೇನೆ. ವಾಟ್ಸ್ಆ್ಯಪ್ ಸಂದೇಶ ನಂಬಿ ಸುಮ್ಮನಿದ್ದವರಿಗೆ ಹತ್ತು ತಿಂಗಳ ಮೇಲೆ ವಸೂಲಿ ನೋಟಿಸ್ ಬರುತ್ತದೆ.