ಮಳೆನಾಡಿನಲ್ಲಿ ಹಳೇ ಕಾರು ಸಾಕುವುದು ಹೇಗೆ

ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಬರೆಯುವುದು ನನ್ನ ಕೆಲಸ. ಮನೆಯಲ್ಲಿ ಅಮ್ಮ, ಹೆಂಡತಿ, ಇಬ್ಬರು ಮಕ್ಕಳು. 2019ರಲ್ಲಿ 1,35,000 ರೂಪಾಯಿ ಕೊಟ್ಟು 2009ರ ವ್ಯಾಗನ್ ಆರ್ ತಗೊಂಡೆ. ಆಗ 71,000 ಕಿಲೋಮೀಟರ್ ಓಡಿತ್ತು, ಈಗ 1,24,000 ದಾಟಿದೆ. ತೋಟದ ಒಂದು ಹಳೇ ಹಾಜರಿ ಪುಸ್ತಕದಲ್ಲಿ ಇದರ ಲೆಕ್ಕ ಇಟ್ಟಿದ್ದೇನೆ. ತಾರೀಕು, ಕಿಲೋಮೀಟರ್, ಮಾಡಿಸಿದ ಕೆಲಸ, ಕೊಟ್ಟ ದುಡ್ಡು. ಆ ಪುಸ್ತಕವನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಕಡಿಮೆ ಸಂಬಳದಲ್ಲಿ ಹಳೇ ಕಾರು ತಗೊಳ್ಳಬೇಕು ಅಂತಿರುವ ನಮ್ಮ ಕಡೆಯವರಿಗೆ ಉಪಯೋಗ ಆಗಲಿ.

ಕೊಡಗಿನಲ್ಲಿ ಹಳೇ ಕಾರಿಗೆ ದೊಡ್ಡ ಶತ್ರು ನೀರು. ಎಷ್ಟು ಓಡಿದೆ ಅನ್ನುವುದು ಆಮೇಲಿನ ಮಾತು. ಹಾಗಾಗಿ ಕಾರು ನೋಡಲು ಹೋದಾಗ ಮೀಟರ್ ನೋಡುವ ಮೊದಲು ಮ್ಯಾಟ್ ಎತ್ತಿ ನೋಡಿ.

ನಾನು ಮೊದಲು ನೋಡಿದ ಕಾರು ಬೇರೆಯದು. ಹೊರಗಿನಿಂದ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಬ್ರೋಕರ್ ಜೊತೆ ಬಂದಿದ್ದ. ಸೀಟಿನ ಕವರ್ ಹೊಸದು, ಒಳಗೆ ಗಂಧದ ವಾಸನೆ. ಆ ವಾಸನೆಯ ಹಿಂದೆ ಒದ್ದೆ ಗೋಣಿಚೀಲದ ಮುಗ್ಗಲು ವಾಸನೆಯೂ ಸಣ್ಣಗೆ ಬಂತು. ಡ್ರೈವರ್ ಕಾಲಿನ ಹತ್ತಿರ ರಬ್ಬರ್ ಮ್ಯಾಟ್ ಎತ್ತಿದೆ, ಅದರ ಕೆಳಗಿನ ಕಾರ್ಪೆಟ್ಟನ್ನೂ ಎಳೆದೆ. ತಗಡಿಗೆ ಹೆಬ್ಬೆರಳು ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಯಿತು. ತೂತಿನಲ್ಲಿ ಕೆಳಗಿನ ಜಲ್ಲಿ ಕಾಣುತ್ತಿತ್ತು. ಮಾತಿಲ್ಲದೆ ವಾಪಸ್ ಬಂದೆ. ಎಂಜಿನ್ ರಿಪೇರಿ ಮಾಡಿಸಬಹುದು, ಗೇರ್‌ಬಾಕ್ಸ್ ಗುಜರಿಯಿಂದ ತಂದು ಹಾಕಿಸಬಹುದು. ತಳ ಹೋದ ಕಾರಿಗೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ.

ಜೂನ್, ಜುಲೈ ತಿಂಗಳಲ್ಲೇ ಕಾರು ನೋಡಿ. ಬೇಸಿಗೆಯಲ್ಲಿ ಸೋರುವ ಕಾರೂ ಒಣಗಿ ಕೂತಿರುತ್ತದೆ. ಬೆಳಿಗ್ಗೆ ಬೇಗ ಹೋಗಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಹೊಗೆ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ. ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲು ಹಾಕಿದ ಕಾಫಿ ಬಣ್ಣದ ಲೋಳೆ ದಪ್ಪಗೆ ಇದ್ದರೆ ಎಂಜಿನ್ ಆಯಿಲಿಗೆ ನೀರು ಸೇರಿರಬಹುದು. ಆದರೆ ನಮ್ಮ ಚಳಿಗೆ, ದಿನಾ ಎರಡೇ ಕಿಲೋಮೀಟರ್ ಓಡುವ ಕಾರಿನಲ್ಲಿ ಮುಚ್ಚಳದಲ್ಲಿ ಮಾತ್ರ ತೆಳ್ಳಗೆ ಕೆನೆ ಕಟ್ಟುವುದುಂಟು. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲೂ ಅದೇ ಬಣ್ಣ ಇದ್ದರೆ ಆ ಕಾರು ಬೇಡ.

ಆಮೇಲೆ ಒಂದು ಏರಿಗೆ ಹತ್ತಿಸಿ. ಸಮತಟ್ಟು ರಸ್ತೆಯಲ್ಲಿ ಎಲ್ಲ ಕಾರೂ ಚೆನ್ನಾಗಿಯೇ ಓಡುತ್ತವೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಮಾತ್ರ ಏರಿ ಕಾರು ಏರದಿದ್ದರೆ ಕ್ಲಚ್ ಮುಗಿದಿದೆ. ಅದಕ್ಕೇ ಬಿಡಬೇಕಾಗಿಲ್ಲ, ಬೆಲೆ ಇಳಿಸಿ ಕೇಳಿ. ನಾನು ಹಾಗೇ ಕೇಳಿ 7,000 ಇಳಿಸಿಕೊಂಡೆ.

ನಮ್ಮ ಗಡಿ ಆಚೆ ಸ್ವಲ್ಪ ಅಗ್ಗಕ್ಕೆ ಕಾರು ಸಿಗುತ್ತದೆ ಅಂತ ವಿರಾಜಪೇಟೆ ಕಡೆಯವರು ಕೇರಳದ ಗಾಡಿ ನೋಡುತ್ತಾರೆ. ಲೆಕ್ಕ ಹಾಕಿ ನೋಡಿ. ಅಲ್ಲಿಂದ ಎನ್ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತರಬೇಕು, ಇಲ್ಲಿ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಕಡಲ ಕಡೆ ಓಡಿದ ಕಾರಿಗೆ ಉಪ್ಪುಗಾಳಿಯ ತುಕ್ಕು ಬೇರೆ. ನನ್ನ ಮಟ್ಟಿಗೆ ಕೆಎ 12ರ, ಅಂದರೆ ಕೊಡಗಿನ ನಂಬರಿನ ಗಾಡಿ, ಯಾರು ಓಡಿಸುತ್ತಿದ್ದರು ಅಂತ ಊರಲ್ಲಿ ವಿಚಾರಿಸಬಹುದಾದ ಗಾಡಿ, ಹತ್ತು ಸಾವಿರ ಜಾಸ್ತಿ ಆದರೂ ಸರಿ.

ಕಾಗದದ ಕೆಲಸ

ಹಣ ಕೊಡುವ ಮೊದಲು ಸರ್ಕಾರದ ಎಂಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿ ಆರ್‌ಸಿ ಎಲ್ಲಿಯವರೆಗೆ ಇದೆ, ಇನ್ಶೂರೆನ್ಸ್ ಇದೆಯಾ ನೋಡಿ. ಬಾಕಿ ದಂಡ ಇದೆಯಾ ಅಂತಲೂ ನೋಡಿ. ಹಳೇ ಮಾಲೀಕರು ಸಾಲ ಮಾಡಿದ್ದರೆ ಬ್ಯಾಂಕಿನ ಎನ್ಒಸಿ ಮತ್ತು ಫಾರ್ಮ್ 35 ಬೇಕು. ಹೆಸರು ಬದಲಾಯಿಸಲು ಫಾರ್ಮ್ 29, 30. ತಗೊಂಡವರು 30 ದಿನದೊಳಗೆ ಅರ್ಜಿ ಕೊಡಬೇಕು. ಆಮೇಲೆ ಮಾಡೋಣ ಅಂತ ಬಿಟ್ಟರೆ ಹಳೇ ಮಾಲೀಕರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ಸ್ವಂತ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಕಾರಿಗೆ ಇದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಗ್ರೀನ್ ಟ್ಯಾಕ್ಸ್ ಬೇರೆ. ಅದಕ್ಕೇ 14 ವರ್ಷದ ಕಾರನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಆ ದುಡ್ಡನ್ನೂ ಬೆಲೆಗೆ ಸೇರಿಸಿ ನೋಡಿ. ನನ್ನದು 2024ರಲ್ಲಿ ಮುಗಿಯಿತು. ಅವಧಿ ಮುಗಿಯುವುದಕ್ಕೆ 60 ದಿನ ಇರುವಾಗಲೇ ಫಾರ್ಮ್ 25 ಕೊಡಬಹುದು. ತಡವಾದರೆ ತಿಂಗಳಿಗೆ 500 ರೂಪಾಯಿ ದಂಡ. ಮಡಿಕೇರಿಯ ಆರ್‌ಟಿಒಗೆ ಗಾಡಿ ತೋರಿಸಲು ಹೋಗುವ ಹಿಂದಿನ ದಿನವೇ ಚಾಸಿ ನಂಬರ್ ಎಲ್ಲಿದೆ ಅಂತ ಹುಡುಕಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿಡಿ. ನನ್ನ ಮುಂದೆ ನಿಂತಿದ್ದವರ ಗಾಡಿಯಲ್ಲಿ ಮಣ್ಣು ಮೆತ್ತಿ ನಂಬರ್ ಕಾಣದೆ ಅವರು ಇನ್ನೊಂದು ದಿನ ಬರಬೇಕಾಯಿತು.

ಇನ್ಶೂರೆನ್ಸ್ ವಿಷಯದಲ್ಲಿ ನಾನು ಮೊದಲೇ ತಿಳಿದುಕೊಳ್ಳಬೇಕಿದ್ದ ಒಂದು ಮಾತಿದೆ. ಥರ್ಡ್ ಪಾರ್ಟಿ ಪ್ರೀಮಿಯಂ ಎಂಜಿನ್ ಸಿಸಿ ಮೇಲೆ ಹೋಗುತ್ತದೆ. 2022ರಲ್ಲಿ ಗೊತ್ತುಮಾಡಿದ ದರದಂತೆ 1000 ಸಿಸಿ ದಾಟದ ಕಾರಿಗೆ ವರ್ಷಕ್ಕೆ 2,094 ರೂಪಾಯಿ, ಅದು ದಾಟಿ 1500ರವರೆಗೆ 3,416. ಟ್ಯಾಕ್ಸ್ ಇದರ ಮೇಲೆ. ನನ್ನ ಹಳೇ ವ್ಯಾಗನ್ ಆರ್ 1061 ಸಿಸಿ. ಆ 61 ಸಿಸಿಗೆ ಪ್ರತಿ ವರ್ಷ ಸಾವಿರದ ಮುನ್ನೂರು ಚಿಲ್ಲರೆ ಜಾಸ್ತಿ. 796 ಸಿಸಿಯ ಆಲ್ಟೋ, 998 ಸಿಸಿಯ ಆಮೇಲಿನ ವ್ಯಾಗನ್ ಆರ್ ಕಡಿಮೆ ದರದಲ್ಲಿ ಬರುತ್ತವೆ. ಆ ಆಮೇಲಿನ ಎಂಜಿನ್‌ಗೆ ಟೈಮಿಂಗ್ ಚೈನ್ ಇದೆ, ಎಂಜಿನ್ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವುದು ಅದೇ. ನನ್ನದಕ್ಕೆ ಆ ಕೆಲಸಕ್ಕೆ ಬೆಲ್ಟ್, ಅದು ಸವೆಯುತ್ತದೆ. ಬೆಲ್ಟ್ ಯಾವಾಗ ಬದಲಾಯಿಸಿದ್ದಾರೆ ಅಂತ ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ತಿಳಿಯಿರಿ. ಮನೆಗೆ ತಂದ ಮೊದಲ ತಿಂಗಳಲ್ಲೇ ವಾಟರ್ ಪಂಪ್ ಜೊತೆಗೆ ನಾನು ಹಾಕಿಸಿದೆ, 4,600 ಆಯಿತು.

ಮೇ ತಿಂಗಳ ಖರ್ಚು

ಪ್ರತಿ ತಿಂಗಳು 2,000 ರೂಪಾಯಿ ಬೇರೆ ಖಾತೆಗೆ ಹಾಕುತ್ತೇನೆ. ಪೆಟ್ರೋಲ್ ಇದರಲ್ಲಿ ಸೇರಿಲ್ಲ. ವರ್ಷದ ದೊಡ್ಡ ಖರ್ಚನ್ನೆಲ್ಲ ಮೇ ತಿಂಗಳಿಗೆ ಇಡುತ್ತೇನೆ, ಮಳೆ ಹಿಡಿಯುವ ಮೊದಲು. ಜುಲೈನಲ್ಲಿ ಕೆಟ್ಟರೆ ಮೆಕ್ಯಾನಿಕ್ ಬರಲು ರಸ್ತೆಯೇ ಇರುವುದಿಲ್ಲ, ಅಲ್ವಾ?

ಟೈರ್ ಮೊದಲು. ಕಾನೂನಿನ ಪ್ರಕಾರ ಟೈರಿನ ಗೀರುಗಳ ಆಳ 1.6 ಮಿಲಿಮೀಟರ್ ಇದ್ದರೆ ಸಾಕು. ನಮ್ಮ ಕೆಸರಿಗೆ, ತಿರುವಿಗೆ ಅದು ಸಾಲದು. 3 ಮಿಲಿಮೀಟರ್ ಆದ ಕೂಡಲೇ ನಾನು ಬದಲಾಯಿಸುತ್ತೇನೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಅಂದರೆ 2019ರ 23ನೇ ವಾರ ಮಾಡಿದ್ದು. ಅಂಗಡಿಯವರು ಹೊಸದು ಅಂತ ಕೊಟ್ಟರೂ ಇದನ್ನು ನೋಡಿಯೇ ತಗೊಳ್ಳಿ.

ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. 2020ರಲ್ಲಿ ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಸಂಪಾಜೆ ಘಾಟಿ ಇಳಿಯುವಾಗ ಮುಂದೆ ಲಾರಿ, ನಾನು ಮೂರನೇ ಗೇರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿಸಿದೆ. ಜೋಡುಪಾಲದ ಹತ್ತಿರ ಸುಟ್ಟ ವಾಸನೆ ಬಂತು. ಪೆಡಲ್ ಒತ್ತಿದರೆ ಒದ್ದೆ ಹತ್ತಿಗೆ ಕಾಲಿಟ್ಟ ಹಾಗೆ ಕೆಳಗೆ ಹೋಯಿತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆದು ಪಕ್ಕಕ್ಕೆ ನಿಲ್ಲಿಸಿದೆ. ಅಮ್ಮ ಏನೂ ಕೇಳಲಿಲ್ಲ, ನನ್ನ ಕೈ ಮಾತ್ರ ಹಿಡಿದುಕೊಂಡರು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ, ಕುದಿದಾಗ ಏಳುವ ಗುಳ್ಳೆಗಳಿಂದ ಪೆಡಲ್ ಮೆತ್ತಗಾಗುತ್ತದೆ. ಅರ್ಧ ಗಂಟೆ ತಣಿಯಲು ಬಿಟ್ಟೆ. ಅಂಥ ಹೊತ್ತಲ್ಲಿ ಬಿಸಿ ಡಿಸ್ಕ್ ಮೇಲೆ ನೀರು ಸುರಿಯಬೇಡಿ, ಡೊಂಕಾಗುತ್ತದೆ. ಆವತ್ತಿನಿಂದ ಹತ್ತುವ ಗೇರಿನಲ್ಲೇ ಇಳಿಯುತ್ತೇನೆ, ಘಾಟಿಯಲ್ಲಿ ಎರಡನೇ ಗೇರ್. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಹಾಕಿ ಇಳಿಸುವವರನ್ನು ನೋಡಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ದಯವಿಟ್ಟು ಮಾಡಬೇಡಿ.

ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಮೇ ತಿಂಗಳಲ್ಲಿ ಒಮ್ಮೆ, ಅಥವಾ 5,000 ಕಿಲೋಮೀಟರ್‌ಗೆ. ವೈಪರ್ ಬ್ಲೇಡ್ ಪ್ರತಿ ವರ್ಷ ಹೊಸದು. ರೇಡಿಯೇಟರ್‌ಗೆ ತೋಡಿನ ನೀರು ಹಾಕಬೇಡಿ, ಕೂಲೆಂಟ್ ಹಾಕಿ.

ಕಾರಿನ ತಳಕ್ಕೆ ಬಳಿಯುವ ಅಂಡರ್‌ಬಾಡಿ ಕೋಟಿಂಗ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ತುಕ್ಕು ಕೆರೆದು, ಪೂರ್ತಿ ಒಣಗಿಸಿ ಹೊಡೆಸಿದರೆ ಒಳ್ಳೆಯದು. ತುಕ್ಕಿನ ಮೇಲೇ ಕಪ್ಪಗೆ ಬಳಿದರೆ ತೇವ ಒಳಗೇ ಉಳಿದು ತಗಡನ್ನು ತಿನ್ನುತ್ತಾ ಹೋಗುತ್ತದೆ, ಮೇಲಿನಿಂದ ಕಾಣುವುದೂ ಇಲ್ಲ. ಬಿಸಿಲು ಇರುವ ಏಪ್ರಿಲ್‌ನಲ್ಲಿ, ಎದುರು ನಿಂತು ಮಾಡಿಸಿ.

ಮಳೆಗಾಲದಲ್ಲಿ

ಒಂದು ವರ್ಷ ಜೂನ್ ತಿಂಗಳು. ಮಗಳು ಶಾಲೆಯ ಚೀಲವನ್ನು ಮುಂದಿನ ಸೀಟಿನ ಕೆಳಗೆ ಇಟ್ಟಿದ್ದಳು. ಮನೆಗೆ ಬಂದು ನೋಡಿದರೆ ಪುಸ್ತಕಗಳ ಅಡಿಭಾಗವೆಲ್ಲ ಒದ್ದೆ. ಗ್ಲಾಸಿನ ರಬ್ಬರ್ ಹೋಗಿದೆ, ಪೂರ್ತಿ ಬಿಚ್ಚಬೇಕು, 5,000 ಆಗುತ್ತದೆ ಅಂದರು ಒಂದು ಗ್ಯಾರೇಜಿನಲ್ಲಿ. ಭಾನುವಾರ ನಾನೇ ಕೂತು ನೋಡಿದೆ. ಹೆಂಡತಿ ಒಳಗೆ ಟಾರ್ಚ್ ಹಿಡಿದು ಕೂತಳು, ನಾನು ಚೊಂಬಿನಲ್ಲಿ ಗ್ಲಾಸಿನ ಮೇಲೆ ಒಂದೊಂದೇ ಕಡೆ ನೀರು ಬಿಟ್ಟೆ. ರಬ್ಬರಿನ ಸುತ್ತ ಬಿಟ್ಟಾಗ ಏನೂ ಇಲ್ಲ. ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿಗೆ ಬಿಟ್ಟಾಗ, "ಬಂತು, ಬಂತು" ಅಂದಳು. ಜಾಲರಿ ಬಿಚ್ಚಿದರೆ ಒಳಗೆ ಸಿಲ್ವರ್ ಓಕ್ ಎಲೆ. ಕೊಳೆತು ಗೊಬ್ಬರವಾಗಿ ನೀರು ಹೋಗುವ ತೂತನ್ನು ಮುಚ್ಚಿತ್ತು. ನೀರು ನಿಂತು ಬ್ಲೋವರ್ ದಾರಿಯಲ್ಲಿ ಒಳಗೆ ಇಳಿಯುತ್ತಿತ್ತು. ಎರಡು ಹಿಡಿ ಎಲೆ ತೆಗೆದೆ, ಸೋರುವುದು ನಿಂತಿತು.

ತೋಟದ ನೆರಳಲ್ಲಿ ನಿಲ್ಲಿಸುವ ಪ್ರತಿ ಕಾರಿಗೂ ಇದು ಆಗುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಆ ಜಾಗಕ್ಕೆ ಕೈ ಹಾಕಿ ಎಲೆ ತೆಗೆಯಿರಿ. ಬಾಗಿಲುಗಳ ಕೆಳಅಂಚಿನಲ್ಲೂ ಸಣ್ಣ ತೂತುಗಳಿವೆ. ಪೊರಕೆ ಕಡ್ಡಿ ಹಾಕಿ ಬಿಡಿಸಿ. ಕೆಲವೊಮ್ಮೆ ಒಂದು ಲೋಟದಷ್ಟು ನೀರು ಸುರಿಯುತ್ತದೆ. ಚಕ್ರದ ಮೇಲಿನ ಕಮಾನಿನಲ್ಲಿ ಮೆತ್ತಿದ ಕೆಂಪು ಮಣ್ಣನ್ನು ವಾರಕ್ಕೊಮ್ಮೆ ಪೈಪ್ ಹಿಡಿದು ತೊಳೆಯಿರಿ. ಮೇಲೆ ಹೊಳಪು ಬಾರದಿದ್ದರೂ ಪರವಾಗಿಲ್ಲ. ಪ್ಲಾಸ್ಟಿಕ್ ಟಾರ್ಪಾಲು ಹೊದಿಸಬೇಡಿ, ಒಳಗೆ ಬೆವರುತ್ತದೆ. ನಾಲ್ಕು ಕಂಬ, ಮೇಲೆ ಶೀಟ್, ಪಕ್ಕದಲ್ಲಿ ಗಾಳಿ ಆಡಲಿ, ಅಷ್ಟು ಸಾಕು.

ರಸ್ತೆಗೆ ನೀರು ಬಂದಿದ್ದರೆ ವಾಪಸ್ ತಿರುಗಿ. ಭಾಗಮಂಡಲ, ನಾಪೋಕ್ಲು ಕಡೆ ಕಾವೇರಿ ಉಕ್ಕಿದಾಗ ಆಳ ತಿಳಿಯುವುದೇ ಇಲ್ಲ. ಏರ್ ಫಿಲ್ಟರ್ ದಾರಿಯಲ್ಲಿ ಎಂಜಿನ್‌ಗೆ ನೀರು ಹೋದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಲ್ಲಿ ಆಫ್ ಆದ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ತಳ್ಳಿ ಹೊರಗೆ ತನ್ನಿ.

ಡಿಕ್ಕಿಯಲ್ಲಿ ಹಗ್ಗ, ಟಾರ್ಚ್, ಬಿದ್ದ ಕೊಂಬೆ ಕಡಿಯಲು ಕತ್ತಿ, ಜಿಗಣೆಗೆ ಒಂದು ಪೊಟ್ಟಣ ಉಪ್ಪು ಇಡಿ. ಒಂದಡಿ ಹಲಗೆಯೂ ಇರಲಿ. ಕೆಸರಲ್ಲಿ ಜಾಕ್ ಹೂತು ಹೋಗುತ್ತದೆ, ಹಲಗೆ ಮೇಲೆ ಇಟ್ಟರೆ ನಿಲ್ಲುತ್ತದೆ. ಮಂಜಿನಲ್ಲಿ ಡಿಮ್ ಲೈಟ್ ಹಾಕಿ, ಬ್ರೈಟ್ ಹಾಕಿದರೆ ಬೆಳಕು ತಿರುಗಿ ಕಣ್ಣಿಗೇ ಬರುತ್ತದೆ. ವಾರಗಟ್ಟಲೆ ಓಡಿಸದಿದ್ದರೆ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಡಿ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ, ಅದೂ ತೇವ ಎಳೆಯುತ್ತದೆ. ಹಾಗಾಗಿ ಸುಮ್ನೆ ನಿಲ್ಲಿಸುವ ಮೊದಲು ಟ್ಯಾಂಕ್ ತುಂಬಿಸಿ. ಪೆಟ್ರೋಲ್ ಪೈಪಿನ ರಬ್ಬರ್ ಬಿರಿದಿದೆಯಾ ಅಂತ ವರ್ಷಕ್ಕೊಮ್ಮೆ ನೋಡಿಸಿ.

ಇಲಿ ಬೆಚ್ಚಗಿನ ಎಂಜಿನ್ ಹುಡುಕಿಕೊಂಡು ಬರುತ್ತದೆ. ನನ್ನದರಲ್ಲಿ ಏರ್ ಫಿಲ್ಟರ್ ಡಬ್ಬಿಯೊಳಗೆ ಗೂಡು ಕಟ್ಟಿ, ಎರಡು ವೈರ್ ಕಡಿದಿತ್ತು. ಈಗ ಶೆಡ್‌ನಲ್ಲಿ ರಾತ್ರಿ ಬಾನೆಟ್ ಎತ್ತಿಯೇ ಇಡುತ್ತೇನೆ. ಬೆಳಕು, ಗಾಳಿ ಇದ್ದರೆ ಅದಕ್ಕೆ ಅಲ್ಲಿ ನೆಲೆ ಇಲ್ಲ. ಮತ್ತೆ ಬಂದಿಲ್ಲ.

ಅಕ್ಟೋಬರ್‌ನಲ್ಲಿ ಮಳೆ ಬಿಟ್ಟು ಎರಡು ದಿನ ಒಳ್ಳೇ ಬಿಸಿಲು ಬಂದಾಗ ಕೊನೆಯ ಕೆಲಸ. ಕಾಫಿ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ, ಕಣ ಖಾಲಿ ಇರುತ್ತದೆ. ಸಾಹುಕಾರರನ್ನು ಕೇಳಿಕೊಂಡು ಕಾರನ್ನು ಕಣಕ್ಕೆ ತಂದು ನಿಲ್ಲಿಸುತ್ತೇನೆ. ನಾಲ್ಕೂ ಬಾಗಿಲು, ಡಿಕ್ಕಿ, ಬಾನೆಟ್ ತೆರೆದಿಡುತ್ತೇನೆ. ಮ್ಯಾಟ್, ಸ್ಟೆಪ್ನಿ ಹೊರಗೆ. ಸ್ಟೆಪ್ನಿ ಕೂರುವ ಗುಂಡಿಯಲ್ಲಿ ನೀರಿದ್ದರೆ ಬಟ್ಟೆಯಲ್ಲಿ ಹೀರಿ ತೆಗೆಯುತ್ತೇನೆ. ಕಾರ್ಪೆಟ್ ಎತ್ತಿ, ಕೆಳಗೆ ಎರಡು ಬಿದಿರ ತುಂಡು ಇಟ್ಟು, ಗಾಳಿ ಆಡುವ ಹಾಗೆ ಸಂಜೆವರೆಗೆ ಬಿಡುತ್ತೇನೆ. ತಗಡಿನಲ್ಲಿ ಎಲ್ಲಾದರೂ ಕಂದು ಚುಕ್ಕೆ ಕಂಡರೆ ಉಪ್ಪುಕಾಗದದಲ್ಲಿ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹಚ್ಚಿ, ಹಾಜರಿ ಪುಸ್ತಕದಲ್ಲಿ ಯಾವ ಜಾಗ ಅಂತ ಬರೆದಿಡುತ್ತೇನೆ. ಮುಂದಿನ ಅಕ್ಟೋಬರ್‌ನಲ್ಲಿ ಮೊದಲು ನೋಡುವುದು ಆ ಜಾಗವನ್ನೇ.