ಬಸ ಗೆನೆಪ್ ಕಲಿತರೆ ಬಾಲಿ ಅಡುಗೆ ಅರ್ಧ ಕಲಿತ ಹಾಗೆ

ಬಾಲಿಗೆ ಹೋದ ನಮ್ಮವರಲ್ಲಿ ಜಾಸ್ತಿ ಜನ ನಾಸಿ ಗೊರೆಂಗ್, ಅಂದರೆ ಹುರಿದ ಅನ್ನ, ತಿಂದು ವಾಪಸ್ ಬರುತ್ತಾರೆ. ರುಚಿಯಾಗಿಯೇ ಇರುತ್ತದೆ. ಆದರೆ ಅದು ಇಂಡೋನೇಷ್ಯಾದಲ್ಲಿ ಎಲ್ಲಿ ಹೋದರೂ ಸಿಗುತ್ತದೆ. ಬಾಲಿಯವರ ಮನೆ ಅಡುಗೆಯ ದಾರಿಯೇ ಬೇರೆ. ನಾನು ಅದನ್ನು ಉಬುದ್ ಹತ್ತಿರದ ಹಳ್ಳಿಯೊಂದರಲ್ಲಿ, ಮನೆಯಲ್ಲೇ ಅಡುಗೆ ಹೇಳಿಕೊಡುವ ಒಬ್ಬ ಇಬು ಹತ್ತಿರ ಕಲಿತೆ. ಅಲ್ಲಿ ಹಿರಿಯ ಹೆಂಗಸರನ್ನು ಇಬು ಅಂತಲೇ ಕರೆಯುವುದು.

ಶುರು ಮಾಡಿದ್ದೇ ಬಸ ಗೆನೆಪ್‌ನಿಂದ. ಬಾಲಿಯ ಮುಕ್ಕಾಲು ಅಡುಗೆ ನಿಂತಿರುವುದು ಈ ಮಸಾಲೆಯ ಮೇಲೆ. ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಹಸಿ ಅರಿಶಿನ, ಶುಂಠಿ, ಶುಂಠಿ ಜಾತಿಯದೇ ಗೆಡ್ಡೆಗಳಾದ ಗಲಂಗಲ್ ಮತ್ತು ಕೆಂಚೂರ್, ಖಾರದ ಸೂಜಿ ಮೆಣಸು, ಕೊತ್ತಂಬರಿ ಬೀಜ, ಕಾಳುಮೆಣಸು, ಜಾಯಿಕಾಯಿ, ಲವಂಗ, ಕೆಮಿರಿ ಅನ್ನುವ ಎಣ್ಣೆಯಂಶದ ಬೀಜ, ತಾಳೆ ಬೆಲ್ಲ, ಉಪ್ಪು, ಜೊತೆಗೆ ತೆರಾಸಿ ಅನ್ನುವ ಸೀಗಡಿ ಪೇಸ್ಟ್. ಕೆಮಿರಿಯನ್ನು ಮಾತ್ರ ಹಸಿಯಾಗಿ ಬಾಯಿಗೆ ಹಾಕಬಾರದು, ಹೊಟ್ಟೆ ಕೆಡುತ್ತದೆ. ಬೆಂದರೆ ಏನೂ ತೊಂದರೆ ಇಲ್ಲ. ಸಾರಿಗೆ ಮಂದ ಕೊಡುವುದೇ ಅದು.

ಇಬು ಎಲ್ಲವನ್ನೂ ಮೊದಲು ನನ್ನ ಕೈಯಿಂದ ಚಾಕುವಿನಲ್ಲಿ ಸಣ್ಣಗೆ ಹೆಚ್ಚಿಸಿದರು. ಆಮೇಲೆ ಚಪ್ಪಟೆ ಕಲ್ಲಿನ ಮೇಲೆ ಗಟ್ಟಿ ಗೆಡ್ಡೆಗಳನ್ನು ಮೊದಲು, ನೀರು ಬಿಡುವ ಈರುಳ್ಳಿಯನ್ನು ಕೊನೆಗೆ ಅರೆಯಬೇಕು. ನುಣ್ಣಗೆ ಆಗಬಾರದು, ತರಿ ಉಳಿಯಬೇಕು. ಮಿಕ್ಸಿಗೆ ಹಾಕಿದರೆ ನೀರು ಬೇಕಾಗುತ್ತದೆ, ಆಗ ಹುರಿಯುವ ಬದಲು ಬೇಯಿಸಿದ ಹಾಗಾಗುತ್ತದೆ. ಕೈಯಲ್ಲಿ ಅರೆದಿದ್ದಕ್ಕೂ ಮಿಕ್ಸಿಯದ್ದಕ್ಕೂ ರುಚಿಯಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಾಣುತ್ತದೆ.

ಹುರಿಯುವುದು ತೆಂಗಿನೆಣ್ಣೆಯಲ್ಲಿ. ಜಜ್ಜಿದ ನಿಂಬೆಹುಲ್ಲು, ಸಲಾಮ್ ಅನ್ನುವ ಅಲ್ಲಿಯ ಪರಿಮಳದ ಎಲೆ ಹಾಕಿ ಸಣ್ಣ ಉರಿಯಲ್ಲಿ ಬಿಡದೆ ಕೈಯಾಡಿಸಬೇಕು. ಮೊದಲು ಬರುವುದು ಹಸಿ ಅರಿಶಿನದ ಘಾಟು. ನಿಧಾನಕ್ಕೆ ಅದು ಇಳಿಯುತ್ತದೆ, ಹಳದಿ ಹೋಗಿ ಕಂದು ಬಂಗಾರದ ಬಣ್ಣ ಬರುತ್ತದೆ, ಎಣ್ಣೆ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ. ಅಲ್ಲಿಗೆ ಆಯಿತು. ಅವಸರ ಮಾಡಿದರೆ ಎಷ್ಟೇ ಒಳ್ಳೆ ಮೀನು ಹಾಕಿದರೂ ಕಹಿ ಉಳಿಯುತ್ತದೆ.

ಇದೊಂದು ತಯಾರಿದ್ದರೆ ಉಳಿದದ್ದು ಸಲೀಸು. ಮೀನಿನ ಕೊಚ್ಚಿಗೆ ತೆಂಗಿನ ತುರಿ, ಈ ಮಸಾಲೆ, ಚೂರು ಬೆಲ್ಲ ಕಲಸಿ, ನಿಂಬೆಹುಲ್ಲಿನ ದಂಟಿಗೆ ಮೆತ್ತಿ ಕೆಂಡದ ಮೇಲೆ ಸುಟ್ಟರೆ ಸಾತೆ ಲಿಲಿತ್. ಅದೇ ಥರದ್ದನ್ನು ಬಾಳೆ ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದರೆ ತುಮ್. ನನಗೆ ತುಂಬಾ ಹಿಡಿಸಿದ್ದು ಮಾತ್ರ ಜುಕುತ್ ಆರೆಸ್, ಬಾಳೆದಿಂಡಿನ ಸಾರು. ಎಳೆ ದಿಂಡನ್ನು ತೆಳ್ಳಗೆ ಹೆಚ್ಚಿ, ಉಪ್ಪು ಹಾಕಿ ಕಿವುಚಿ, ಒಗರು ನೀರನ್ನೆಲ್ಲ ಹಿಂಡಿ ತೆಗೆಯುತ್ತಾರೆ. ಬೆರಳಿಗೆ ನಾರು ಸುತ್ತಿ ತೆಗೆಯುವುದು ಗೊತ್ತಿದ್ದ ನನಗೆ ಈ ಕೆಲಸವೊಂದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ದಿಂಡನ್ನು ಮಸಾಲೆ ಜೊತೆ ಕೋಳಿ ಅಥವಾ ಬಾತುಕೋಳಿ ಸಾರಿನಲ್ಲಿ ಬೇಯಿಸುತ್ತಾರೆ. ದಿಂಡು ಮೆತ್ತಗಾಗಿ ಸಾರನ್ನೆಲ್ಲ ಹೀರಿಕೊಂಡಿರುತ್ತದೆ. ಬಿಸಿ ಅನ್ನಕ್ಕೆ ಇದೊಂದೇ ಸಾಕು.

ಅಡುಗೆ ಬೆಳಗ್ಗೆ ಒಂದೇ ಸಲ. ಮುಗಿದ ಮೇಲೆ ಬಾಳೆ ಎಲೆಯ ಸಣ್ಣ ತುಂಡುಗಳಲ್ಲಿ ಅಗುಳು ಅಗುಳು ಅನ್ನವಿಟ್ಟು ಒಲೆ, ನೀರು, ಮನೆ ಬಾಗಿಲು ಎಲ್ಲದಕ್ಕೂ ಅರ್ಪಿಸುತ್ತಾರೆ. ಅದು ಆಗುವವರೆಗೆ ಮನೆಯಲ್ಲಿ ಯಾರೂ ತಟ್ಟೆ ಮುಟ್ಟುವುದಿಲ್ಲ. ಆಮೇಲೆ ಮುಚ್ಚಿಟ್ಟ ಅಡುಗೆಯನ್ನು ಹಸಿವಾದವರು ಬಂದು ಬಡಿಸಿಕೊಂಡು ಉಣ್ಣುತ್ತಾರೆ. ಇಷ್ಟು ಖಾರ, ಬೇರುಗಳು, ಎಣ್ಣೆ ಯಾಕೆ ಅಂತ ನನಗೆ ಅರ್ಥವಾಗಿದ್ದು ಆಗಲೇ. ಆ ಸೆಕೆಯಲ್ಲಿ ಅಡುಗೆ ಸಂಜೆವರೆಗೆ ತಾಳಬೇಕಲ್ವಾ!

ಬೆಂಗಳೂರಿನಲ್ಲಿ ಮಾಡುವಾಗ ನನ್ನ ಲೆಕ್ಕ ಹೀಗೆ: ಕಾಲು ಕಿಲೋ ಸಾಂಬಾರ್ ಈರುಳ್ಳಿಗೆ 100 ಗ್ರಾಂ ಬೆಳ್ಳುಳ್ಳಿ, ತಲಾ 50 ಗ್ರಾಂ ಗಲಂಗಲ್ ಮತ್ತು ಹಸಿ ಅರಿಶಿನ, ಶುಂಠಿ ಸ್ವಲ್ಪ ಕಮ್ಮಿ. ಕೆಂಚೂರ್ ಅಂದರೆ ಕೇರಳದವರ ಕಚ್ಚೋಲಂ, ಒಣಗಿದ್ದು ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಘಾಟು ಜೋರು, ಚೂರೇ ಹಾಕಿ. ಕೆಮಿರಿ ಬದಲು ಗೋಡಂಬಿ ನಡೆಯುತ್ತದೆ. ಸಲಾಮ್ ಎಲೆ ಇಲ್ಲದಿದ್ದರೆ ಬಿಟ್ಟುಬಿಡಿ, ಪಲಾವ್ ಎಲೆ ಅದರ ಜಾಗ ತುಂಬುವುದಿಲ್ಲ. ತೆರಾಸಿ ಬದಲು ಒಣ ಸೀಗಡಿ ಹುರಿದು ಪುಡಿ ಮಾಡಿ ಹಾಕುತ್ತೇನೆ. ಹುರಿದ ಮಸಾಲೆಯನ್ನು ಸಣ್ಣ ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕಿಟ್ಟರೆ ವಾರದ ಅಡುಗೆಗೆ ಚಿಂತೆ ಇಲ್ಲ.

ಸಸ್ಯಾಹಾರಿಗಳು ಒಂದು ವಿಷಯ ನೆನಪಿಟ್ಟುಕೊಳ್ಳಿ. ಅಲ್ಲಿ ಸೊಪ್ಪಿನ ಪಲ್ಯದಲ್ಲೂ ತೆರಾಸಿ ಇರಬಹುದು. ಲಾವಾರ್ ನೋಡಲು ತರಕಾರಿ ಪಲ್ಯ, ಆದರೆ ಹೆಚ್ಚಾಗಿ ಹಂದಿ ಮಾಂಸ, ಕೆಲವು ಕಡೆ ರಕ್ತವನ್ನೂ ಸೇರಿಸಿರುತ್ತಾರೆ. ಮಾಂಸ ಬೇಡ ಅಂತಷ್ಟೇ ಹೇಳಿದರೆ ಸಾಲದು, 'ತಾನ್ಪಾ ತೆರಾಸಿ', ಅಂದರೆ ತೆರಾಸಿ ಇಲ್ಲದೆ, ಅಂತಲೂ ಹೇಳಿ. ಹಾಗೆ ಹೇಳಿ ಎಳೆ ಹಲಸಿನಕಾಯಿ ಲಾವಾರ್ ಮಾಡಿಸಿಕೊಂಡು ತಿನ್ನಿ, ತಪ್ಪಿಸಬೇಡಿ.